ಕ್ರೂಸ್ ಬುಕ್ ಮಾಡಿದ ಮೇಲೆ ರೇಟ್ ಇಳಿದರೆ ದುಡ್ಡು ವಾಪಸ್ ಸಿಗುತ್ತಾ? ನಮ್ಮ ಅಲಾಸ್ಕ ಬುಕಿಂಗ್ ಅನುಭವ

ಸಿಗುತ್ತೆ. ಆದರೆ ಕೇಳಿದವರಿಗೆ ಮಾತ್ರ. ಅದೂ ಬಾಕಿ ಹಣ ಪೂರ್ತಿ ಕಟ್ಟುವ ಕೊನೇ ದಿನಕ್ಕೆ ಮುಂಚೆ ಕೇಳಿದವರಿಗೆ.

ಹಡಗಿನ ಊಟ, ಷೋ, ಗ್ಲೇಶಿಯರ್ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೀತಿರೋದು ಬುಕಿಂಗ್ ಆದಮೇಲೆ ದರ ಇಳಿಸಿಕೊಡುವ ಆ ಒಂದು ಸೇವೆಯ ಬಗ್ಗೆ. ಅಮೆರಿಕದಲ್ಲಿರುವ ನಮ್ಮ ಜನ ಊರಿಂದ ಅಪ್ಪ ಅಮ್ಮ ಬಂದಾಗ ಅಲಾಸ್ಕ ಕ್ರೂಸ್‌ಗೆ ಸಾವಿರಾರು ಡಾಲರ್ ಕಟ್ಟುತ್ತಾರೆ, ಡೆಪಾಸಿಟ್ ಕೊಟ್ಟು ಇನ್‌ವಾಯ್ಸ್ ಬಂದ ಮೇಲೆ ಆ ಕಡೆ ತಿರುಗಿಯೂ ನೋಡಲ್ಲ. ವಿಮಾನದ ಟಿಕೆಟ್ ಥರ ಇದೂ ಒಮ್ಮೆ ತಗೊಂಡ್ರೆ ಮುಗೀತು ಅಂದುಕೊಳ್ಳುತ್ತಾರೆ. ಹಾಗಲ್ಲ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ನಮ್ಮದು ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ವಾಪಸ್ ಬರುವ 7 ರಾತ್ರಿಯ ಕ್ರೂಸ್. ನಿಲ್ಲುವ ಊರುಗಳು ಅಲಾಸ್ಕದ ಜುನೋ, ಸ್ಕ್ಯಾಗ್‌ವೇ, ಕೆಚಿಕನ್, ಕೊನೆಗೆ ಕೆನಡಾದ ವಿಕ್ಟೋರಿಯಾ. ನಮಗಿಬ್ಬರಿಗೆ ಒಂದು ಬಾಲ್ಕನಿ ಕ್ಯಾಬಿನ್, ಪಕ್ಕದಲ್ಲೇ ಅತ್ತೆ ಮಾವನಿಗೆ ಇನ್ನೊಂದು. ಎರಡನ್ನೂ ಕಂಪನಿಯಲ್ಲೇ ನೇರವಾಗಿ ಬುಕ್ ಮಾಡಿದ್ದೆವು. ಜೊತೆಗೆ ಬಂದ ಸ್ನೇಹಿತರ ಮನೆಯವರು ಅದೇ ಹಡಗನ್ನು ಒಂದು ಆನ್‌ಲೈನ್ ಏಜೆನ್ಸಿ ಮೂಲಕ ಬುಕ್ ಮಾಡಿದ್ದರು. ಹಾಗಾಗಿ ಎರಡೂ ದಾರಿ ಹೇಗಿರುತ್ತೆ ಅಂತ ಕಣ್ಣಾರೆ ನೋಡಿದ ಹಾಗಾಯಿತು.

ಮೊದಲು ದರ ಯಾಕೆ ಇಳಿಯುತ್ತೆ ಅನ್ನೋದು. ಹಡಗು ದಡ ಬಿಟ್ಟ ಮೇಲೆ ಖಾಲಿ ಉಳಿದ ಕ್ಯಾಬಿನ್‌ನಿಂದ ಕಂಪನಿಗೆ ನಯಾಪೈಸೆ ಹುಟ್ಟಲ್ಲ. ಕ್ಯಾಬಿನ್ ತುಂಬಿದರೆ ಟಿಕೆಟ್ ದುಡ್ಡಷ್ಟೇ ಅಲ್ಲ, ವೈಫೈ, ಡ್ರಿಂಕ್ಸ್, ಫೋಟೋ, ದಡದ ಮೇಲಿನ ಟೂರು, ಎಲ್ಲದರಿಂದಲೂ ಬರುತ್ತೆ. ಅದಕ್ಕೆ ಕ್ಯಾಬಿನ್ ಎಷ್ಟು ಹೋಗಿವೆ ಅಂತ ನೋಡಿಕೊಂಡು ದರವನ್ನು ಏರಿಸ್ತಾ ಇಳಿಸ್ತಾ ಇರ್ತಾರೆ. ಜನವರಿಯಿಂದ ಮಾರ್ಚ್‌ವರೆಗೆ ಆಫರ್‌ಗಳ ಸುಗ್ಗಿ, ನವೆಂಬರ್ ಕೊನೆಗೆ ಬ್ಲ್ಯಾಕ್ ಫ್ರೈಡೇ ಇನ್ನೊಂದು. ನೀವು ಮುಂಚೆಯೇ ಬುಕ್ ಮಾಡಿದ್ದರೆ ನಿಮ್ಮ ದರ ಹಳೇದರಲ್ಲೇ ನಿಂತಿರುತ್ತೆ, ಪಕ್ಕದ ಕ್ಯಾಬಿನ್‌ನವರು ಕಡಿಮೆಗೆ ಬಂದಿರುತ್ತಾರೆ.

ಇಳಿದ ದರವನ್ನು ಹಳೇ ಗಿರಾಕಿಗೂ ಕೊಡುವುದಕ್ಕೆ ಕಂಪನಿ ಯಾಕೆ ಒಪ್ಪುತ್ತೆ? ಫೈನಲ್ ಪೇಮೆಂಟ್, ಅಂದರೆ ಬಾಕಿ ಹಣ ಪೂರ್ತಿ ಕಟ್ಟೋದು, ಆಗುವವರೆಗೆ ನೀವು ಕ್ಯಾನ್ಸಲ್ ಮಾಡಿ ಹೊಸದಾಗಿ ಬುಕ್ ಮಾಡಬಹುದಲ್ವಾ, ಅದಕ್ಕೇ. ಆ ರಗಳೆ ಬೇಡ ಅಂತ ಅದೇ ಬುಕಿಂಗ್‌ನಲ್ಲಿ ದರ ಬದಲಾಯಿಸಿ ಕೊಡುತ್ತಾರೆ. ಇದಕ್ಕೆ ರೀಪ್ರೈಸ್ ಅಂತಾರೆ. ಫೈನಲ್ ಪೇಮೆಂಟ್ ದಿನ ದಾಟಿತೋ, ಕ್ಯಾನ್ಸಲ್ ಮಾಡಿದರೆ ದಂಡ ಬೀಳುತ್ತೆ, ನಿಮ್ಮ ಕೈಯಲ್ಲಿದ್ದ ಬಲವೂ ಹೋಯಿತು. ಆ ದಿನ ಕಂಪನಿಯಿಂದ ಕಂಪನಿಗೆ ಬೇರೆ. ರಾಯಲ್ ಕೆರಿಬಿಯನ್‌ನಲ್ಲಿ 5 ರಾತ್ರಿ ಮತ್ತು ಮೇಲ್ಪಟ್ಟ ಕ್ರೂಸ್‌ಗೆ ಹೊರಡುವ 90 ದಿನ ಮುಂಚೆ, ನಾರ್ವೇಜಿಯನ್‌ನಲ್ಲಿ 120 ದಿನ ಮುಂಚೆ. ನಿಮ್ಮ ಇನ್‌ವಾಯ್ಸ್‌ನಲ್ಲಿ ತಾರೀಖು ಅಚ್ಚಾಗಿರುತ್ತೆ, ಅದನ್ನೇ ನಂಬಿ. ಫೋನಿನ ಕ್ಯಾಲೆಂಡರ್‌ನಲ್ಲಿ ಎರಡು ವಾರ ಮುಂಚಿತವಾಗಿ ಅಲಾರಂ ಇಡಿ.

ಈಗ ನಮ್ಮ ಕಥೆ. ನಾವು ಬುಕ್ ಮಾಡಿದಾಗ ತೆರಿಗೆ, ಬಂದರು ಶುಲ್ಕ ಬಿಟ್ಟು ತಲೆಗೆ 1,299 ಡಾಲರ್. ಜೊತೆಗೆ ಕ್ಯಾಬಿನ್‌ಗೆ 100 ಡಾಲರ್ ಆನ್‌ಬೋರ್ಡ್ ಕ್ರೆಡಿಟ್, ಅಂದರೆ ಹಡಗಿನೊಳಗೆ ಖರ್ಚು ಮಾಡೋಕೆ ಕೊಡುವ ದುಡ್ಡು. ನಾನು ಆಗಾಗ ಸೈಟಿಗೆ ಹೋಗಿ ಹೊಸ ಗಿರಾಕಿ ಹಾಗೆ ಅದೇ ತಾರೀಖು, ಇಬ್ಬರು, ಅದೇ ಕ್ಯಾಬಿನ್ ಕೆಟಗರಿ ಹಾಕಿ, ಕಾರ್ಡ್ ನಂಬರ್ ಕೇಳುವ ಪುಟದವರೆಗೆ ಹೋಗಿ ನೋಡ್ತಿದ್ದೆ. ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ದರ ನಂಬಬೇಡಿ. ಅದು ಬಹುತೇಕ ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್‌ದು. ಬಾಲ್ಕನಿಯಲ್ಲೂ ಹತ್ತಾರು ಕೆಟಗರಿ ಇರ್ತವೆ, ಪ್ರತಿಯೊಂದಕ್ಕೂ ಅಕ್ಷರ, ಅಂಕಿ ಸೇರಿದ ಒಂದು ಕೋಡ್. ಇನ್‌ವಾಯ್ಸ್‌ನಲ್ಲಿರುವ ಕೋಡ್, ಸೈಟಿನ ಕೋಡ್ ಎರಡೂ ಒಂದೇ ಆಗಿರಬೇಕು.

ಇನ್ನೊಂದು ವಿಷಯ. ನಾವಿರೋದು ಸ್ಯಾನ್ ಹೋಸೆಯಲ್ಲಿ. ಜಾಹೀರಾತಿನ ದರದಲ್ಲೇ ಕಡ್ಡಾಯ ಶುಲ್ಕಗಳೂ ಸೇರಿರಬೇಕು ಅನ್ನುವ ಕ್ಯಾಲಿಫೋರ್ನಿಯಾದ ಕಾನೂನು 2024ರ ಜುಲೈ 1ರಿಂದ ಜಾರಿಗೆ ಬಂತು. ಅದಾದ ಮೇಲೆ ದೊಡ್ಡ ಕ್ರೂಸ್ ಕಂಪನಿಗಳು ತೆರಿಗೆ, ಬಂದರು ಶುಲ್ಕ ಸೇರಿಸಿಯೇ ದರ ತೋರಿಸುತ್ತಿವೆ. ಒಳ್ಳೇದೇ ಆಯಿತು. ಆದರೆ ಹೋಲಿಸುವಾಗ ಇನ್‌ವಾಯ್ಸ್‌ನ ಬರೀ ದರವನ್ನು ಸೈಟಿನ ಒಟ್ಟು ದರದ ಪಕ್ಕ ಇಟ್ಟರೆ ದರ ಏರಿದೆ ಅಂತಲೇ ಅನ್ನಿಸುತ್ತೆ. ಒಟ್ಟಿಗೆ ಒಟ್ಟು ಹೋಲಿಸಿ. ಟಿಪ್ಸ್ ಅದರಲ್ಲೂ ಸೇರಿರಲ್ಲ, ಅದು ದಿನಕ್ಕೆ ತಲೆಗೆ ಇಷ್ಟು ಅಂತ ಬೇರೆಯೇ ಬೀಳುತ್ತೆ.

ಒಂದು ದಿನ ನಮ್ಮ ಕೆಟಗರಿ, ತೆರಿಗೆ, ಬಂದರು ಶುಲ್ಕ ಬಿಟ್ಟು, ತಲೆಗೆ 1,149ಕ್ಕೆ ಇಳಿದಿತ್ತು. ತಾರೀಖು, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ತಕ್ಷಣ ಫೋನ್ ಮಾಡಿದೆ. ಈ ದರಗಳು ಬೆಳಗ್ಗೆ ಇದ್ದದ್ದು ಸಂಜೆಗೆ ಇರಲ್ಲ, ನಾಳೆ ಮಾಡೋಣ ಅನ್ನಬೇಡಿ. ಹಳೇ ಸ್ಕ್ರೀನ್‌ಶಾಟ್ ತೋರಿಸಿದರೆ ಒಪ್ಪಲ್ಲ, ಫೋನ್ ಮಾಡಿದ ಹೊತ್ತಿಗೆ ಅವರ ಕಂಪ್ಯೂಟರಿನಲ್ಲೂ ಅದೇ ದರ ಇರಬೇಕು.

ಸುಮಾರು ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಬುಕಿಂಗ್ ನಂಬರ್ ಕೊಟ್ಟು, "ಇದೇ ಕೆಟಗರಿ ನಿಮ್ಮ ಸೈಟಲ್ಲಿ ಈಗ 1,149ಕ್ಕೆ ಇದೆ, ನಮ್ಮದನ್ನೂ ಅದಕ್ಕೆ ರೀಪ್ರೈಸ್ ಮಾಡಿಕೊಡಿ" ಅಂದೆ.

"ಒಂದ್ನಿಮಿಷ ಮ್ಯಾಮ್, ನೋಡ್ತೀನಿ. ಹೌದು, ಮಾಡಬಹುದು. ಆದರೆ ಹಳೇ ಆಫರ್‌ನಲ್ಲಿದ್ದ ಆನ್‌ಬೋರ್ಡ್ ಕ್ರೆಡಿಟ್ ಹೋಗುತ್ತೆ. ಪರವಾಗಿಲ್ವಾ?"

"ಕ್ಯಾಬಿನ್ ನಂಬರ್ ಅದೇ ಉಳಿಯುತ್ತಾ?"

"ಅದೇ ಇರುತ್ತೆ."

"ಡೆಪಾಸಿಟ್? ನಮ್ಮದು ರಿಫಂಡಬಲ್. ಅದು ಹಾಗೇ ಇರುತ್ತಾ?"

ಇಲ್ಲಿ ಅವಳು ಸ್ವಲ್ಪ ನಿಂತಳು. "ಇಲ್ಲ ಮ್ಯಾಮ್, 1,149 ನಾನ್-ರಿಫಂಡಬಲ್ ಡೆಪಾಸಿಟ್‌ನ ದರ. ರಿಫಂಡಬಲ್ ಆಗೇ ಬೇಕು ಅಂದರೆ 1,189."

ಈ ಕೊನೇ ಪ್ರಶ್ನೆ ಕೇಳದೇ ಹೋಗಿದ್ದರೆ, ಕ್ಯಾನ್ಸಲ್ ಮಾಡಿದರೆ ವಾಪಸ್ ಸಿಗುವ ನಮ್ಮ ಡೆಪಾಸಿಟ್ ಸದ್ದಿಲ್ಲದೆ ವಾಪಸ್ ಸಿಗದ ಡೆಪಾಸಿಟ್ ಆಗಿಬಿಡುತ್ತಿತ್ತು. ನಮಗೆ ಅದು ಬಹಳ ಮುಖ್ಯವಾಗಿತ್ತು, ಕಾರಣ ಕೆನಡಾ ವೀಸಾ. ವಿದೇಶಿ ಬಾವುಟದ ಹಡಗು ಅಮೆರಿಕದ ಒಂದು ಬಂದರಿನಿಂದ ಹೊರಟು ಸುತ್ತಿ ಅಲ್ಲಿಗೇ ಬರಬೇಕಾದರೆ ಮಧ್ಯೆ ಎಲ್ಲಾದರೂ ಬೇರೆ ದೇಶದಲ್ಲಿ ನಿಲ್ಲಲೇಬೇಕು ಅಂತ 1886ರ ಒಂದು ಕಾಯ್ದೆ ಇದೆ. ಅದಕ್ಕೇ ಸಿಯಾಟಲ್‌ನ ಅಲಾಸ್ಕ ಹಡಗುಗಳು ವಿಕ್ಟೋರಿಯಾದಂಥ ಕೆನಡಾದ ಊರಿಗೆ ಹೋಗೋದು. ಅಲ್ಲಿ ಕೆಲವೇ ಗಂಟೆ ನಿಂತರೂ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾ ವೀಸಾ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಬೇಡ. ಅಮೆರಿಕದ ವಿಸಿಟರ್ ವೀಸಾ ಮೇಲೆ ಬಂದ ಅಪ್ಪ ಅಮ್ಮ, ಅತ್ತೆ ಮಾವಂದಿರಿಗೆ ಬೇಕೇ ಬೇಕು. ನಮ್ಮ ಮಾವನ ವೀಸಾ ಇನ್ನೂ ಕೈಗೆ ಬಂದಿರಲಿಲ್ಲ. ತಲೆಗೆ ಇನ್ನು 40 ಡಾಲರ್ ಉಳಿಸೋಕೆ ಹೋಗಿ ಡೆಪಾಸಿಟ್ಟನ್ನೇ ಅಪಾಯಕ್ಕೆ ಒಡ್ಡೋದು ಯಾವ ಲೆಕ್ಕ?

ಲೆಕ್ಕ ಹೀಗಾಯಿತು. 1,299ರಿಂದ 1,189ಕ್ಕೆ ಬಂದರೆ ತಲೆಗೆ 110, ಇಬ್ಬರಿಗೆ 220. ಅದರಲ್ಲಿ ಕಳೆದುಕೊಂಡ 100ರ ಕ್ರೆಡಿಟ್ ತೆಗೆದರೆ ಕ್ಯಾಬಿನ್‌ಗೆ 120 ನಿಜವಾದ ಉಳಿತಾಯ, ಎರಡು ಕ್ಯಾಬಿನ್‌ಗೆ 240. ತಲೆಗೆ 150 ಇಳೀತು ಅಂತ ಖುಷಿಯಲ್ಲಿ ಫೋನ್ ಎತ್ತಿದ್ದಕ್ಕೂ ಕೊನೆಗೆ ಸಿಕ್ಕಿದ್ದಕ್ಕೂ ಇಷ್ಟು ಅಂತರ. ಆದರೂ ಒಂದು ಫೋನಿಗೆ 240 ಡಾಲರ್ ಕಡಿಮೆಯೇನಲ್ಲ. ಹೊಸ ಇನ್‌ವಾಯ್ಸ್ ಮಾತಾಡ್ತಿರುವಾಗಲೇ ಈಮೇಲ್‌ಗೆ ಬಂತು. ನಾವಿನ್ನೂ ಡೆಪಾಸಿಟ್ ಅಷ್ಟೇ ಕಟ್ಟಿದ್ದರಿಂದ ಬಾಕಿ ಕಟ್ಟಬೇಕಾದ ಮೊತ್ತ ಇಳಿಯಿತು. ಆ ಹುಡುಗಿ ಒಂದಿಷ್ಟೂ ಬೇಸರ ಮಾಡಿಕೊಳ್ಳದೆ ಎರಡು ಕ್ಯಾಬಿನ್‌ದೂ ಮಾಡಿಕೊಟ್ಟಳು, ಅವಳಿಗೆ ನನ್ನ ಪೂರ್ತಿ ಮಾರ್ಕು.

ಆಫರ್‌ಗಳ ಬಗ್ಗೆ ನಮ್ಮಂಥ ಮನೆಗಳಿಗೆ ಒಂದು ಮಾತು. "ಡ್ರಿಂಕ್ಸ್ ಫ್ರೀ" ಅಂತ ಸೇರಿಸಿ ದರ ಏರಿಸಿರುವ ಪ್ಯಾಕೇಜ್ ಕುಡಿಯದವರಿಗೆ ಯಾಕೆ ಬೇಕು? ನಮ್ಮ ಮಾವ ದಿನಕ್ಕೆರಡು ಸಲ ಕಾಫಿ ಬಿಟ್ಟರೆ ಬೇರೇನೂ ಮುಟ್ಟಲ್ಲ. ಅಂಥವರಿಗೆ ಡ್ರಿಂಕ್ಸ್ ಇಲ್ಲದ ಬರೀ ದರವೇ ಲಾಭ. ಹಲವು ಕಂಪನಿಗಳಲ್ಲಿ ಕ್ಯಾಬಿನ್‌ನಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ತಗೊಂಡರೆ ಜೊತೆಗಿರುವ ಇನ್ನೊಬ್ಬ ವಯಸ್ಕರೂ ತಗೊಳ್ಳಬೇಕು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಆನ್‌ಬೋರ್ಡ್ ಕ್ರೆಡಿಟ್ ಮಾತ್ರ ಅಲಾಸ್ಕದಲ್ಲಿ ದುಡ್ಡಿಗೆ ಸಮ. ಟೂರುಗಳು ದುಬಾರಿ, ಅಲ್ಲಿ ಸಲೀಸಾಗಿ ಖರ್ಚಾಗುತ್ತೆ. ಅದಕ್ಕೇ ನಾನು 100ಕ್ಕೆ ಪೂರಾ 100 ಕಳೆದಿದ್ದು.

ಸ್ನೇಹಿತರ ಕಡೆ ಏನಾಯಿತು ಅಂದರೆ, ಅವರಿಗೂ ಅದೇ ದಿನ ಹೇಳಿದೆ. ಅವರೂ ಕಂಪನಿಗೆ ಫೋನ್ ಮಾಡಿದರು. "ನಿಮ್ಮ ಬುಕಿಂಗ್ ಏಜೆನ್ಸಿ ಹೆಸರಲ್ಲಿದೆ, ನಾವು ಕೈ ಹಾಕೋ ಹಾಗಿಲ್ಲ, ಅವರಿಗೇ ಕೇಳಿ" ಅಂದರು. ಇದು ಎಲ್ಲಾ ಕಡೆ ಇರುವ ನಿಯಮವೇ, ಅದರಲ್ಲಿ ತಪ್ಪಿಲ್ಲ. ಏಜೆನ್ಸಿಗೆ ಫೋನ್ ಸಿಗಲಿಲ್ಲ, ಈಮೇಲ್ ಹಾಕಿದರು. ಉತ್ತರ ಬರುವಷ್ಟರಲ್ಲಿ ವಾರಾಂತ್ಯ ಕಳೆದು ದರ ಮತ್ತೆ ಮೇಲೆ ಹೋಗಿತ್ತು. ಜೊತೆಗೆ, ಬುಕಿಂಗ್‌ನಲ್ಲಿ ಬದಲಾವಣೆ ಮಾಡಿದರೆ ನಮ್ಮ ಸೇವಾ ಶುಲ್ಕ ಬೇರೆ ಇದೆ ಅಂತ ಅದೇ ಉತ್ತರದಲ್ಲಿ ಬರೆದಿದ್ದರು. ಸ್ನೇಹಿತರಿಗೆ ಸಿಗಬೇಕಾದ ದುಡ್ಡು ಸುಮ್ನೆ ಹೋಯಿತು ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಮನೆಯಲ್ಲಿ ಒಬ್ಬರೇ ದುಡಿಯೋರು, ಎರಡು ಮಕ್ಕಳು, ವರ್ಷಗಟ್ಟಲೆ ಕೂಡಿಟ್ಟು ಹೊರಟಿದ್ದರು.

ಹಾಗಂತ ಏಜೆಂಟ್ ಬೇಡವೇ ಬೇಡ ಅಂತ ಹೇಳಲ್ಲ. ಮನೆಯಿಂದಲೇ ಕೆಲಸ ಮಾಡುವ ಸಣ್ಣ ಏಜೆಂಟ್‌ಗಳಲ್ಲಿ ಕೆಲವರು ತಾವೇ ದರ ನೋಡ್ತಿದ್ದು, ಇಳಿದ ದಿನ ತಾವೇ ಬದಲಾಯಿಸಿ ಹೊಸ ಇನ್‌ವಾಯ್ಸ್ ಕಳಿಸ್ತಾರೆ. ಏಜೆಂಟ್‌ಗೆ ಕಮಿಷನ್ ಬರೋದು ದರದ ಮೇಲೆ, ದರ ಇಳಿದರೆ ಅವರ ಸಂಪಾದನೆಯೂ ಇಳಿಯುತ್ತೆ. ಅಷ್ಟಾದರೂ ಇಳಿಸಿಕೊಡುವವರು ಸಿಕ್ಕರೆ ಬಿಡಬೇಡಿ, ಮುಂದಿನ ಸಲವೂ ಅವರ ಹತ್ತಿರವೇ ಹೋಗಿ. ಬುಕ್ ಮಾಡುವ ಮುಂಚೆಯೇ ಕೇಳಿಬಿಡಿ: ದರ ಇಳಿದರೆ ನೀವು ನೋಡ್ತೀರೋ, ನಾವು ಹೇಳಬೇಕೋ, ಶುಲ್ಕ ಇದೆಯೋ, ಶನಿವಾರ ಭಾನುವಾರ ಸಿಗ್ತೀರೋ.

ರೀಪ್ರೈಸ್ ಹೆಸರಲ್ಲಿ ಇನ್ನೊಂದು ಬಗೆಯ ದರ ಮುಂದೆ ಬರುತ್ತೆ, "ಗ್ಯಾರಂಟಿ" ಕ್ಯಾಬಿನ್ ಅಂತ. ಕಡಿಮೆ ಇರುತ್ತೆ. ಆದರೆ ಕ್ಯಾಬಿನ್ ಆಯ್ಕೆ ಕಂಪನಿಯದು. ವಯಸ್ಸಾದವರು ಜೊತೆಗಿದ್ದರೆ ನಾನಂತೂ ಬೇಡ ಅಂತೀನಿ. ಅತ್ತೆಗೆ ಮಂಡಿ ನೋವು, ಲಿಫ್ಟ್ ಹತ್ತಿರ ಇರಲಿ, ನಮ್ಮ ಪಕ್ಕದಲ್ಲೇ ಇರಲಿ ಅಂತ ಹುಡುಕಿ ಹಿಡಿದಿದ್ದ ಕ್ಯಾಬಿನ್ ಬಿಟ್ಟುಕೊಟ್ಟು ಹಡಗಿನ ಇನ್ನೊಂದು ತುದಿಗೆ ಹೋಗೋಕಾಗುತ್ತಾ?

ಕ್ಯಾಬಿನ್ ದರದಷ್ಟೇ ಮುಖ್ಯ ಟೂರು, ವೈಫೈ. ಹಡಗಿನವರ ಸೈಟಲ್ಲೇ ಮುಂಚಿತವಾಗಿ ತಗೊಂಡಿದ್ದರೆ ಅವುಗಳ ದರವೂ ಏರಿಳಿತ ಇರುತ್ತೆ, ಇಳಿದಾಗ ಕ್ಯಾನ್ಸಲ್ ಮಾಡಿ ಮತ್ತೆ ತಗೊಳ್ಳಬಹುದು. ಇದಕ್ಕೆ ಫೋನ್ ಕೂಡ ಬೇಡ. ಸ್ಕ್ಯಾಗ್‌ವೇಯ ವೈಟ್ ಪಾಸ್ ರೈಲನ್ನು ನಾವು ಹಾಗೇ ಕಡಿಮೆಗೆ ಮಾಡಿಕೊಂಡೆವು. ಚಿನ್ನ ಹುಡುಕಿಕೊಂಡು ಜನ ಮುಗಿಬಿದ್ದ ಕಾಲದಲ್ಲಿ, 1898ರಿಂದ 1900ರೊಳಗೆ ಬೆಟ್ಟ ಕಡಿದು ಹಾಕಿದ ದಾರಿ ಅದು. ಮಾವ ರೈಲ್ವೆಯಲ್ಲಿದ್ದವರು, ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಆದರೆ ಒಂದು ಎಚ್ಚರ: ಮೊದಲು ಸೀಟು ಇದೆಯಾ ನೋಡಿ, ಆಮೇಲೆ ಹಳೇದನ್ನು ಬಿಡಿ.

ಫೈನಲ್ ಪೇಮೆಂಟ್ ಆದಮೇಲೆ ದರ ಇಳಿದರೆ? ದುಡ್ಡು ವಾಪಸ್ ಸಿಗೋದು ಕಷ್ಟ. ಆದರೂ ಕೇಳಿ, ಮರ್ಯಾದೆಯಿಂದ ಕೇಳಿ. ಕೆಲವೊಮ್ಮೆ ಸ್ವಲ್ಪ ಆನ್‌ಬೋರ್ಡ್ ಕ್ರೆಡಿಟ್ಟೋ, ಮೇಲಿನ ಕೆಟಗರಿಯೋ ಕೊಡ್ತಾರೆ. ಇಲ್ಲದಿದ್ದರೆ ಮೇಲಿನ ಕೆಟಗರಿಗೆ ಇಷ್ಟು ಕೊಡ್ತೀವಿ ಅಂತ ಬಿಡ್ ಹಾಕುವ ದಾರಿ ಇದೆ, ರಾಯಲ್ ಕೆರಿಬಿಯನ್‌ನಲ್ಲಿ ರಾಯಲ್‌ಅಪ್ ಅಂತಾರೆ. ಅಲ್ಲಿ ಬರೆಯುವ ಮೊತ್ತ ತಲೆಗೆ ಲೆಕ್ಕ. 100 ಅಂತ ಹಾಕಿದರೆ ಇಬ್ಬರಿಗೆ 200 ಕಾರ್ಡಿನಿಂದ ಹೋಗುತ್ತೆ.

ಒಟ್ಟಾರೆ ಈ ಸೇವೆಗೆ ನಾನು ಕೊಡೋದು 5ಕ್ಕೆ 3. ಫೋನಿನಲ್ಲಿ ಕೆಲಸ ಮಾಡುವವರು ಚೆನ್ನಾಗಿದ್ದಾರೆ, ಕೇಳಿದರೆ ಚೌಕಾಸಿ ಇಲ್ಲದೆ ಮಾಡ್ತಾರೆ. 2 ಕಳೆದಿದ್ದು ಕಂಪನಿಯ ಮೌನಕ್ಕೆ. ಸ್ಪಾ ಆಫರ್, ಡ್ರಿಂಕ್ಸ್ ಆಫರ್ ಅಂತ ದಿನಾ ಈಮೇಲ್ ಕಳಿಸೋರಿಗೆ "ನಿಮ್ಮ ಕ್ಯಾಬಿನ್ ದರ ಇಳಿದಿದೆ" ಅಂತ ಒಂದು ಸಾಲು ಬರೆಯೋಕೆ ಕಷ್ಟವಾ? ಇಂಗ್ಲಿಷ್‌ನಲ್ಲಿ ಫೋನ್ ಮಾಡಿ ವಾದಿಸೋಕೆ ಬಾರದ ಹಿರಿಯರು, ಮೊದಲ ಸಲ ಹೋಗುವವರು, ಇವರೇ ಜಾಸ್ತಿ ದುಡ್ಡು ಕೊಡ್ತಿರೋದು. ಅದು ಸರಿಯಲ್ಲ.

ಊರಲ್ಲೇ ಇದ್ದುಕೊಂಡು ಬೆಂಗಳೂರಿನ ಟ್ರಾವೆಲ್ಸ್ ಮೂಲಕ ರೂಪಾಯಿಯಲ್ಲಿ ಬುಕ್ ಮಾಡುವವರಿಗೆ ಮೇಲೆ ಹೇಳಿದ್ದೆಲ್ಲ ಹಾಗೆ ಹಾಗೇ ಅನ್ವಯಿಸಲ್ಲ. ನಾನು ಬರೆದಿರೋದು ಅಮೆರಿಕದಲ್ಲಿ ಮಾಡುವ ಬುಕಿಂಗ್ ಬಗ್ಗೆ. ವಿಮಾನ, ಹೋಟೆಲ್, ವೀಸಾ ಎಲ್ಲಾ ಸೇರಿಸಿದ ಗುಂಪಿನ ಪ್ಯಾಕೇಜ್ ಆದರೆ ಕ್ರೂಸ್‌ನ ದರ ಎಷ್ಟು ಅಂತಲೇ ಬಿಡಿಸಿ ಹೇಳಲ್ಲ. ಅಡ್ವಾನ್ಸ್ ಕೊಡುವ ಮುಂಚೆ ಕ್ಯಾಬಿನ್ ಕೆಟಗರಿ ಯಾವುದು, ದರ ಇಳಿದರೆ ಯಾರಿಗೆ ಲಾಭ, ವೀಸಾ ಸಿಗದಿದ್ದರೆ ಎಷ್ಟು ವಾಪಸ್, ಕಂಪನಿಗೆ ಫೈನಲ್ ಪೇಮೆಂಟ್ ಯಾವತ್ತು ಅಂತ ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲಾದರೂ ಸರಿ, ಬರಹದಲ್ಲೇ ತಗೊಳ್ಳಿ.