ಇ-ರೆಸಿಡೆನ್ಸಿ ಕಾರ್ಡ್: ಸಹಿಗೆ ಸೈ, ದೇಶಕ್ಕಲ್ಲ

ಇಂಟರ್ನೆಟ್‌ನಲ್ಲಿ ಗುಂಪು ಕಟ್ಟಿ ದೇಶ ಘೋಷಿಸಿದವರ ಬಳಿ ಪೌರತ್ವ ಪತ್ರಗಳಿಗೇನೂ ಬರವಿಲ್ಲ. ಕೆಲಸಕ್ಕೆ ಬರುವಂಥದ್ದು ಬೇಕೆಂದರೆ ಎಸ್ಟೋನಿಯಾ ಸರ್ಕಾರ ವಿದೇಶಿಯರಿಗೆ ಕೊಡುವ ಡಿಜಿಟಲ್ ಗುರುತಿನ ಚೀಟಿ, ಅಂದರೆ ಇ-ರೆಸಿಡೆನ್ಸಿ ಕಾರ್ಡ್ ನೋಡಬೇಕು. ತಮಾಷೆಯೆಂದರೆ, ಅದು ಪೌರತ್ವದ ಮಾತೇ ಆಡುವುದಿಲ್ಲ. ವಾಸದ ಹಕ್ಕಿಲ್ಲ, ವೀಸಾ ಅಲ್ಲ, ನಿಮ್ಮ ತೆರಿಗೆ ವಾಸಸ್ಥಾನವೂ ಬದಲಾಗದು.

2014ರ ಡಿಸೆಂಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆಯಿದು. ಪಾಸ್‌ಪೋರ್ಟ್ ಸ್ಕ್ಯಾನ್, ಫೋಟೊ, ಶುಲ್ಕ, ಜತೆಗೆ ಕಾರ್ಡ್ ಯಾಕೆ ಬೇಕೆಂಬ ವಿವರಣೆ ಕೊಟ್ಟು ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ವಿವರಣೆಯಲ್ಲಿ ‘ಆಸಕ್ತಿಯಿದೆ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ. ಯಾವ ವ್ಯವಹಾರ, ಯಾವ ದೇಶದವರ ಜತೆ ಎಂದು ಬಿಡಿಸಿ ಬರೆಯಿರಿ. ಪೊಲೀಸ್ ಮತ್ತು ಗಡಿ ಇಲಾಖೆ ಹಿನ್ನೆಲೆ ತಪಾಸಣೆ ಮಾಡುತ್ತದೆ. ಅರ್ಜಿ ತಿರಸ್ಕೃತವಾದರೆ ಶುಲ್ಕ ವಾಪಸ್ ಬರುವುದಿಲ್ಲ. ಕಾರ್ಡ್ ಪಡೆಯಲು ಮಾತ್ರ ನೀವು ಆಯ್ದ ಕೇಂದ್ರಕ್ಕೆ ಖುದ್ದಾಗಿ ಹೋಗಿ ಬೆರಳಚ್ಚು ಕೊಡಬೇಕು.

ಕಾರ್ಡ್‌ನ ಚಿಪ್‌ನಲ್ಲಿ ಎರಡು ಡಿಜಿಟಲ್ ಕೀಲಿಗಳಿವೆ. ಲಾಗಿನ್‌ಗೆ ಕನಿಷ್ಠ ನಾಲ್ಕಂಕಿಯ ಪಿನ್ 1, ಸಹಿಗೆ ಕನಿಷ್ಠ ಐದಂಕಿಯ ಪಿನ್ 2. ಮೂರು ಸಲ ತಪ್ಪು ಪಿನ್ ಒತ್ತಿದರೆ ಅದು ಲಾಕ್ ಆಗುತ್ತದೆ. ಆಗ ಬಿಡಿಸುವುದು ಎಂಟಂಕಿಯ ಪಿಯುಕೆ; ಅದಿರುವ ಲಕೋಟೆಯನ್ನು ಎಸೆಯಬೇಡಿ.

ಭದ್ರತೆಗೆ ಪೂರ್ತಿ ಅಂಕ ಕೊಡಲಾಗದು. 2017ರಲ್ಲಿ ಚಿಪ್‌ನ ಕೀಲಿ ತಯಾರಿಕೆಯಲ್ಲೇ ದೋಷ ಕಂಡುಬಂದು ದೇಶದ ಸುಮಾರು 7,60,000 ಕಾರ್ಡ್‌ಗಳು ಸಿಕ್ಕಿಕೊಂಡವು. ನವೆಂಬರ್‌ನಲ್ಲಿ ಅವುಗಳ ಡಿಜಿಟಲ್ ಪ್ರಮಾಣಪತ್ರಗಳನ್ನು (ಲಾಗಿನ್, ಸಹಿ ನಿಮ್ಮದೇ ಎಂದು ಖಚಿತಪಡಿಸುವಂಥವು) ತಡೆಹಿಡಿಯಲಾಯಿತು. ಮನೆಯಿಂದಲೇ ಅಪ್‌ಡೇಟ್ ಮಾಡಿಕೊಳ್ಳುವ ವ್ಯವಸ್ಥೆ ಇದ್ದದ್ದು ಪುಣ್ಯ.

ಇಷ್ಟಾದರೂ ಕಾರ್ಡ್ ನಡೆಯುವುದೇಕೆ? ಈ ಸಹಿಗೆ ಕೈಬರಹದ ಸಹಿಯಷ್ಟೇ ಬೆಲೆ ಎಂದು ಐರೋಪ್ಯ ಒಕ್ಕೂಟದ ಕಾನೂನು ಒಪ್ಪಿದೆ. ಅದರ ಬೆನ್ನಿಗೆ ನೆಲ, ನ್ಯಾಯಾಲಯ, ಪೊಲೀಸರಿರುವ ದೇಶವೊಂದು ನಿಂತಿದೆ. ಆನ್‌ಲೈನ್ ದೇಶಗಳು ಎಡವುವುದು ಇಲ್ಲೇ. ದೇಶವೆನಿಸಿಕೊಳ್ಳಲು ಏನಿರಬೇಕೆಂದು ಹೇಳುವ 1933ರ ಮಾಂಟೆವಿಡಿಯೊ ಒಪ್ಪಂದ ಕೇಳುವುದು ನಾಲ್ಕನ್ನು: ಕಾಯಂ ಜನ, ಗೊತ್ತಾದ ನೆಲ, ಸರ್ಕಾರ, ಬೇರೆ ದೇಶಗಳ ಜತೆ ಸಂಬಂಧ ನಡೆಸುವ ಸಾಮರ್ಥ್ಯ. ಸದಸ್ಯರ ಪಟ್ಟಿ ಎಷ್ಟೇ ಉದ್ದವಾದರೂ ಅದು ಕಾಯಂ ಜನ ಅನಿಸಿಕೊಳ್ಳುವುದಿಲ್ಲ.

ಸೀಲ್ಯಾಂಡ್‌ನದು ಇಂಗ್ಲೆಂಡ್ ತೀರದಾಚೆಯ ಯುದ್ಧಕಾಲದ ಸಮುದ್ರ ಕೋಟೆ. 1967ರಿಂದ ದೇಶವೆಂದು ಹೇಳಿಕೊಳ್ಳುತ್ತಿದೆ, ಲಾರ್ಡ್‌ನಂಥ ಗೌರವ ಪದವಿಗಳನ್ನು ಮಾರುತ್ತದೆ. ಮಾನವ ಕಟ್ಟಿದ ವೇದಿಕೆ ಭೂಪ್ರದೇಶವಾಗದು ಎಂದು 1978ರಲ್ಲೇ ಜರ್ಮನ್ ನ್ಯಾಯಾಲಯ ಹೇಳಿದೆ. ಉಡುಗೊರೆಗಾದರೆ ಆ ಪದವಿ ಅಡ್ಡಿಯಿಲ್ಲ. ಬಾಹ್ಯಾಕಾಶ ದೇಶವೆಂದು 2016ರಲ್ಲಿ ಘೋಷಣೆಯಾದ ಆಸ್ಗಾರ್ಡಿಯಾ ಮರುವರ್ಷವೇ ಪುಟ್ಟ ಉಪಗ್ರಹ ಹಾರಿಸಿತು, ಆದರೆ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರ ಒಂದೂ ಮಾನ್ಯತೆ ಕೊಟ್ಟಿಲ್ಲ. ನೆಲವಿಲ್ಲದೆಯೂ ನೂರಕ್ಕೂ ಹೆಚ್ಚು ದೇಶಗಳ ಜತೆ ರಾಜತಾಂತ್ರಿಕ ಸಂಬಂಧವಿರುವ ಮಾಲ್ಟಾ ಆರ್ಡರ್ ಎಂಬ ಕ್ಯಾಥೊಲಿಕ್ ಧಾರ್ಮಿಕ ಸಂಘಟನೆಯ ಉದಾಹರಣೆಯನ್ನು ಇಂಥ ದೇಶ ಕಟ್ಟುವವರು ಎತ್ತುತ್ತಾರೆ. ಆ ಆರ್ಡರ್ 1798ರವರೆಗೆ ಮಾಲ್ಟಾ ದ್ವೀಪವನ್ನೇ ಆಳಿತ್ತೆಂಬುದು ಮಾತ್ರ ಅವರ ಬಾಯಿಗೆ ಬರುವುದಿಲ್ಲ.

ಹಲವು ದೇಶಗಳ ಸದಸ್ಯರು ಸೇರಿ ಕಂಪನಿ ನಡೆಸಿ ಕರಾರಿಗೆ ಸಹಿ ಹಾಕುವುದಿದ್ದರೆ ಇ-ರೆಸಿಡೆನ್ಸಿ ಕೊಳ್ಳಿ. ಐದಕ್ಕೆ ನಾಲ್ಕು ಅಂಕ. ಬ್ಯಾಂಕ್ ಖಾತೆ ಸಿಕ್ಕೇ ಸಿಗುತ್ತದೆಂಬ ಖಾತರಿಯಿಲ್ಲ, ಅದನ್ನು ಮೊದಲೇ ವಿಚಾರಿಸಿ. ಕಾರ್ಡ್‌ನ ಅವಧಿ ಐದು ವರ್ಷ. ಅದು ತಾನಾಗಿ ನವೀಕರಣವಾಗುವುದಿಲ್ಲ, ಮತ್ತೆ ಅರ್ಜಿ, ಮತ್ತೆ ಶುಲ್ಕ.