ಲಕ್ಸ್ ಮೀಟರ್ ತಗೊಂಡು ನಾಲ್ಕು ತಿಂಗಳಾಯ್ತು, ಮೊದಲ ವಾರ ಪೂರ್ತಿ ನಾನೇ ತಪ್ಪು ಅಳೀತಿದ್ದೆ

ಓದೋ ಟೇಬಲ್ ಮೇಲೆ ಬೆಳಕು ಸಾಲ್ದು ಅಂತ ನಾನು, ಇದೇ ಜಾಸ್ತಿ ಆಯ್ತು ಕಣ್ಣು ಕುಕ್ಕತ್ತೆ ಅಂತ ಮಗಳು, ದಿನಾ ಇದೇ ಜಗಳ. ಒಂದ್ಸಲ ತೀರ್ಮಾನ ಆಗ್ಲಿ ಅಂತ ಕೈಯಲ್ಲಿ ಹಿಡ್ಕೊಳ್ಳೋ ಲಕ್ಸ್ ಮೀಟರ್ ತರಿಸ್ದೆ, ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳತ್ತೆ ಅಂತ ಲಕ್ಸ್ ಲೆಕ್ಕದಲ್ಲಿ ತೋರಿಸೋದು. ಸೆನ್ಸರ್ ಬೇರೆ ಡಿಸ್‌ಪ್ಲೇ ಬೇರೆ, ನಡುವೆ ಸುರುಳಿ ವೈರ್ ಇರೋ ಮಾಡೆಲ್ಲು.

ಮೊದಲ್ನೇ ದಿನಾನೇ ಎಡವಟ್ಟು. ಲ್ಯಾಂಪ್ ಹಾಕಿ ಸೆನ್ಸರ್ ಟೇಬಲ್ ಮೇಲೆ ಇಟ್ರೆ 48 ಅಂತ ತೋರಿಸ್ತು, ಓದು ಬರಹಕ್ಕೆ 500 ಲಕ್ಸ್ ಹತ್ರ ಇರ್ಬೇಕು ಅಂತಾರೆ ಇಲ್ಲಿ ನೋಡಿದ್ರೆ 48, ಗೆದ್ದೆ ಅಂತ ಬೀಗ್ತಾ ನಿಂತಿದ್ದೆ, ಮಗಳು ಸುಮ್ನೆ ಬಗ್ಗಿ ನೋಡಿ ಡಿಸ್‌ಪ್ಲೇ ಮೂಲೇಲಿ ಸಾಸಿವೆ ಕಾಳಷ್ಟು ಸಣ್ಣದಾಗಿ ×10 ಅಂತ ಇರೋದನ್ನ ತೋರಿಸಿದ್ಲು. ಅಂದ್ರೆ 480. ಎಷ್ಟು ಲಕ್ಸ್‌ವರೆಗೆ ಅಳೀಬೇಕು ಅಂತ ಆರಿಸೋ ರೇಂಜ್ ಸ್ವಿಚ್ 20000ದಲ್ಲಿ ಬಿಟ್ಟಿದ್ದೆ.

ಈ ರೇಂಜ್ ವಿಷಯ ಯಾರೂ ಸರಿಯಾಗಿ ಹೇಳಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಮ್ಯಾನ್ಯುಯಲ್‌ನಲ್ಲಿ ಅಕ್ಯುರಸಿ, ಅಂದ್ರೆ ಎಷ್ಟು ಆಚೆ ಈಚೆ ಆಗ್ಬಹುದು ಅಂತ, ರೀಡಿಂಗ್‌ನ 4%, ಅದರ ಮೇಲೆ ಫುಲ್ ಸ್ಕೇಲ್‌ನ 0.5% ಅಂತ ಕೊಟ್ಟಿದಾರೆ. 0.5 ತಾನೇ ಅಂತ ಬಿಡ್ಬೇಡಿ, ಅದು ನೀವು ಇಟ್ಟಿರೋ ರೇಂಜ್‌ನ ಲೆಕ್ಕ. 20000 ರೇಂಜ್‌ನಲ್ಲಿ ಅದೊಂದೇ 100 ಲಕ್ಸ್ ಆಯ್ತು, 2000ಕ್ಕೆ ಇಳಿಸಿದ್ರೆ ಬರೀ 10. ಅದೇ 480ಕ್ಕೆ ಒಂದು ಕಡೆ 120 ಹತ್ರ ಆಚೆ ಈಚೆ, ಇನ್ನೊಂದು ಕಡೆ 30ರೊಳಗೆ. ಮೀಟರ್ ಅದೇ, ಲ್ಯಾಂಪ್ ಅದೇ, ಸ್ವಿಚ್ ಒಂದೇ ವ್ಯತ್ಯಾಸ. ರೇಂಜ್ ಮೀರಿ 1 ಅಂತ ಬರೋವರೆಗೂ ಇಳಿಸ್ತಾ ಹೋಗಿ, ಆಮೇಲೆ ಒಂದು ಮೆಟ್ಟಿಲು ಮೇಲೆ ಬನ್ನಿ.

ಎರಡನೇ ಕಳ್ಳ ನಾವೇ. ಟೇಬಲ್ ಮೇಲೆ ಬಗ್ಗಿ ರೀಡಿಂಗ್ ನೋಡಿದ್ರೆ 410, ವೈರ್ ಎಳೆದು ಎರಡು ಹೆಜ್ಜೆ ಹಿಂದೆ ನಿಂತು ನೋಡಿದ್ರೆ 480. ನನ್ನ ತಲೆ ನೆರಳೇ 70 ಲಕ್ಸ್ ತಿಂದಿತ್ತು! ಬಿಳಿ ಶರ್ಟ್ ಹಾಕ್ಕೊಂಡು ಹತ್ರ ನಿಂತ್ರೆ ಉಲ್ಟಾ, ಸ್ವಲ್ಪ ಏರತ್ತೆ. ಹಾಗಾಗಿ ಸೆನ್ಸರ್ ಬೇರೆ ಇರೋದನ್ನೇ ತಗೊಳ್ಳಿ, ಒಂದೇ ತುಂಡಿನದು ಬೇಡ. ಮತ್ತೆ ಸೆನ್ಸರ್‌ನ ಲ್ಯಾಂಪ್ ಕಡೆ ಎತ್ತಿ ಹಿಡೀಬೇಡಿ, ಜಾಸ್ತಿ ತೋರಿಸತ್ತೆ ಅಂತ ಖುಷಿ ಆಗತ್ತೆ ಅಷ್ಟೇ, ಪುಸ್ತಕ ಮಲಗಿರತ್ತಲ್ವಾ, ಸೆನ್ಸರೂ ಹಂಗೇ ಮಲಗಿರ್ಬೇಕು. ಮೇಲಿರೋ ಬಿಳಿ ಗುಮ್ಮಟ ಓರೆಯಾಗಿ ಬರೋ ಬೆಳಕನ್ನ ಸರಿಯಾಗಿ ಲೆಕ್ಕ ಹಾಕೋಕೇ ಇರೋದು, 60 ಡಿಗ್ರಿ ಓರೆಯಲ್ಲಿ ಬಂದ ಬೆಳಕು ಅರ್ಧ ಅಂತ ಎಣಿಸ್ಬೇಕು. ಅದರ ಮೇಲೆ ಬೆರಳಿನ ಜಿಡ್ಡು ಮೆತ್ತಬೇಡಿ.

ಎಲ್‌ಇಡಿ ವಿಷಯಕ್ಕೆ ಒಂದು ಮೈನಸ್. ಇದನ್ನ ಕ್ಯಾಲಿಬ್ರೇಟ್ ಮಾಡಿರೋದು, ಅಂದ್ರೆ ಅಳತೆ ಸರಿಹೊಂದಿಸಿರೋದು, 2856 ಕೆಲ್ವಿನ್‌ನ (ಹಳದಿ ಛಾಯೆಯ) ಹಳೇ ಫಿಲಮೆಂಟ್ ಬಲ್ಬಿನ ಬೆಳಕಲ್ಲಿ. ಸೆನ್ಸರ್ ಮುಂದೆ ಮನುಷ್ಯನ ಕಣ್ಣನ್ನ ಹೋಲೋ ಫಿಲ್ಟರ್ ಇದೆ ಸರಿ, ಆದ್ರೆ ಅಗ್ಗದ್ರಲ್ಲಿ ಆ ಹೋಲಿಕೆ ಅಷ್ಟಕ್ಕಷ್ಟೆ, ಅದರಲ್ಲೂ ನೀಲಿ ಬೆಳಕಲ್ಲಿ ಎಡವೋದು ಜಾಸ್ತಿ. ಎರಡು ಬೇರೆ ಬಣ್ಣದ ಬಲ್ಬನ್ನ ಹೋಲಿಸಿ ಇದು 3% ಜಾಸ್ತಿ ಅಂತೆಲ್ಲಾ ವಾದ ಮಾಡೋಕೆ ಈ ಮೀಟರ್ ಸಾಲ್ದು. ಒಂದೇ ಬಲ್ಬ್ ಇವತ್ತು ಎಷ್ಟು, ಆರು ತಿಂಗಳಾದ್ಮೇಲೆ ಎಷ್ಟು ಅನ್ನೋಕೆ ಚೆನ್ನಾಗಿದೆ. ಗಿಡ ಬೆಳೆಸೋರು ಇನ್ನೂ ಹುಷಾರು, ಲಕ್ಸ್ ಅನ್ನೋದು ಕಣ್ಣಿನ ಲೆಕ್ಕ, ಎಲೆದಲ್ಲ.

ಮೊಬೈಲ್ ಆಪ್ ಸಾಕಲ್ವಾ ಅಂತ ಕೇಳೋರಿಗೆ, ಮನೇಲಿರೋ ಎರಡು ಫೋನನ್ನ ಒಂದೇ ಜಾಗದಲ್ಲಿ ಇಟ್ಟೆ, ಒಂದು 350 ಅಂತು ಇನ್ನೊಂದು 610. ಅಲ್ಲಿಗೆ ಬಿಟ್ಟೆ.

ರೀಡಿಂಗ್ ಹಾಗೇ ನಿಲ್ಲಿಸಿಡೋ ಹೋಲ್ಡ್ ಬಟನ್ ಚೆನ್ನಾಗಿದೆ, ಬ್ಯಾಟರಿ ಇನ್ನೂ ಮೊದಲ್ನೇದೇ ನಡೀತಿದೆ. ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಿತ್ತಿದ್ದು ಕ್ಯಾಪಿಗೆ. ಸೆನ್ಸರ್ ಮೇಲೆ ಆ ಕಪ್ಪು ಕ್ಯಾಪ್ ಹಾಕಿ ಸೊನ್ನೆ ಬರತ್ತಾ ಅಂತ ಪ್ರತಿ ಸಲ ನೋಡ್ಬೇಕು, ಅಂಥದ್ದು ಎಲ್ಲಿಗೂ ಕಟ್ಟದೆ ಸಡಿಲ ಬಿಟ್ಟಿದಾರೆ, ಮೂರು ಸಲ ಮಂಚದ ಕೆಳಗೆ ಹುಡುಕಿದೀನಿ. ಈಗ ದಾರ ಸುತ್ತಿ ವೈರಿಗೇ ಕಟ್ಟಿಟ್ಟಿದೀನಿ.