ಲಾಕ್‌ಡೌನ್ ಲೆಕ್ಕ ಕೇಳಲು: ಗ್ರಾಮಸಭೆಯೋ, ಆರ್‌ಟಿಐಯೋ?

ಸಾಂಕ್ರಾಮಿಕ ಬಂದಾಗ ಸರ್ಕಾರ ‘ಮನೆಯಲ್ಲೇ ಇರಿ’ ಅನ್ನುತ್ತದೆ, ಜನ ಒಪ್ಪುತ್ತಾರೆ. ಪ್ರತಿಯಾಗಿ ಜನರಿಗೆ ಸಲ್ಲಬೇಕಾದದ್ದು ರೇಷನ್, ಹಾಸಿಗೆ, ಲಸಿಕೆ, ಜತೆಗೆ ಅವುಗಳ ಲೆಕ್ಕ. ಉಡುಪಿಯ ಹಳ್ಳಿಯವರು ಅದನ್ನು ಕೇಳಲು ಎರಡು ದಾರಿಗಳಿವೆ: ಗ್ರಾಮಸಭೆ, ಇಲ್ಲವೇ ಆರ್‌ಟಿಐ, ಅಂದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ.

ಗ್ರಾಮಸಭೆಗೆ ಖರ್ಚಿಲ್ಲ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಎದುರಿಗೇ ಸಿಗುತ್ತಾರೆ. ಕಿಟ್ ಯಾರಿಗೆ ತಪ್ಪಿತು ಎಂಬಂಥ ಊರಿನ ಪ್ರಶ್ನೆಗೆ ಇದೇ ಸರಿ. ಆದರೆ ಮಾತು ನಡಾವಳಿ ಪುಸ್ತಕಕ್ಕೆ ಏರದಿದ್ದರೆ ಗಾಳಿಗೆ ಹೋದಂತೆ. ಮೇಲಾಗಿ ಜನ ಸೇರುವುದನ್ನೇ ನಿಷೇಧಿಸಿದರೆ, ಬೇಕಾದ ಹೊತ್ತಿಗೇ ಸಭೆ ಇಲ್ಲ!

ಆಸ್ಪತ್ರೆಯ ದಾಸ್ತಾನು, ಖರೀದಿ ಬಿಲ್ಲುಗಳ ವಿಷಯವಾದರೆ ಆರ್‌ಟಿಐಯೇ ವಾಸಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಆ ಕಾರಣವನ್ನು ಮೊದಲ ಸಾಲಲ್ಲೇ ಬರೆಯಿರಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ‘ಯಾಕೆ ಕೊಟ್ಟಿಲ್ಲ?’ ಎಂದು ಬರೆದರೆ ಅರ್ಜಿ ಬಿದ್ದಂತೆಯೇ. ‘ಇಂಥ ತಿಂಗಳ ಆಮ್ಲಜನಕ ದಾಸ್ತಾನು ವಹಿಯ ಪ್ರತಿ’ ಎಂದು ಕೇಳಿ. ಮಣಿಪಾಲದ ಜಿಲ್ಲಾಡಳಿತ ಕಚೇರಿ ಸಂಕೀರ್ಣ ರಜತಾದ್ರಿಯಲ್ಲಿ ಕೊಟ್ಟ ಅರ್ಜಿ ಬೇರೆ ಕಚೇರಿಯದ್ದಾದರೆ 5 ದಿನದೊಳಗೆ ಅವರೇ ವರ್ಗಾಯಿಸಬೇಕು. ಉತ್ತರವೇ ಬಾರದಿದ್ದರೆ, ಗಡುವು ಮುಗಿದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.